ಹೊಸ ಕಾರ್ಡಿಗೆ ಹಳೇ ವೇಷ ಯಾಕೆ?

ಹ್ಯಾಂಡ್‌ಮೇಡ್ ಪೇಪರಿನಲ್ಲಿ ಗ್ರೀಟಿಂಗ್ ಕಾರ್ಡ್ ಮಾಡುವವರಲ್ಲಿ ಹಲವರಿಗೆ ಒಂದು ಆಸೆ... ಕಾರ್ಡು ಅಜ್ಜನ ಟ್ರಂಕಿನಿಂದ ತೆಗೆದ ಹಾಗೆ ಕಾಣಬೇಕು! ಅದಕ್ಕಾಗಿ ಟೀ ಡಿಕಾಕ್ಷನ್ನಿನಲ್ಲಿ ಅದ್ದುತ್ತಾರೆ, ಅಂಚನ್ನು ಮೇಣದಬತ್ತಿಗೆ ಹಿಡಿದು ಸುಡುತ್ತಾರೆ.

ನೋಡಲು ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ ಟೀ ಆಮ್ಲೀಯ. ಆಮ್ಲ ಕಾಗದದ ನಾರನ್ನು ನಿಧಾನವಾಗಿ ತಿನ್ನುತ್ತದೆ. ಸುಟ್ಟ ಅಂಚಂತೂ ಮುಟ್ಟಿದರೆ ಉದುರುತ್ತದೆ.

ದಿನಪತ್ರಿಕೆ ಬೇಗ ಹಳದಿಯಾಗುವುದು ಮರದ ತಿರುಳಿನಲ್ಲಿರುವ ಲಿಗ್ನಿನ್‌ನಿಂದ. ಜೈಪುರದ ಪಕ್ಕದ ಸಾಂಗಾನೇರಿನಲ್ಲಿ ಮಾಡುವಂಥ ಹತ್ತಿ ಚಿಂದಿಯ ಕಾಗದದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಆ ಕಾಗದ ದಶಕಗಟ್ಟಲೆ ಬಾಳುತ್ತದೆ. ಅಂಥದ್ದನ್ನು ದುಡ್ಡು ಕೊಟ್ಟು ತಂದು ಟೀಯಲ್ಲಿ ಅದ್ದುವುದು ಯಾವ ನ್ಯಾಯ ಸ್ವಾಮಿ?

ಸವೆದ ನೋಟ ಬೇಕೇ ಬೇಕು ಅನ್ನುವವರಿಗೆ ನನ್ನ ಸಲಹೆ ಇಷ್ಟೇ. ಕತ್ತರಿ ಬೇಡ. ಕುಂಚದಿಂದ ನೀರಿನ ಗೆರೆ ಎಳೆದು, ಸ್ಕೇಲ್ ಒತ್ತಿ ಹಿಡಿದು, ನಿಧಾನವಾಗಿ ಹರಿಯಿರಿ. ಅಂಚಿನಲ್ಲಿ ನಾರು ಎದ್ದು ನಿಲ್ಲುತ್ತದೆ. ಮೂಲೆಗಳನ್ನು ನಯವಾದ ಸ್ಯಾಂಡ್ ಪೇಪರಿನಿಂದ ನಾಲ್ಕು ಸಲ ಉಜ್ಜಿ. ಸುಕ್ಕು ಬೇಕಾದರೆ ನೀರು ಚಿಮುಕಿಸಿ, ಮುದುಡಿ, ಬಿಡಿಸಿ, ದಪ್ಪ ಪುಸ್ತಕದಡಿ ಒಣಗಿಸಿ. ಆಮೇಲೆ ಆಮ್ಲವಿಲ್ಲದ ಕಂದು ಪಿಗ್ಮೆಂಟ್ ಇಂಕನ್ನು ಸ್ಪಂಜಿನಿಂದ ಸುಕ್ಕುಗಳ ಮೇಲೆ ಹಗುರವಾಗಿ ಸವರಿ. ಇದನ್ನೆಲ್ಲ ಬರೆಯುವ ಮೊದಲೇ ಮಾಡಿ, ಇಲ್ಲದಿದ್ದರೆ ಅಕ್ಷರ ಕದಡೀತು!

ಕಾರ್ಡನ್ನು ಜೋಪಾನವಾಗಿ ಎತ್ತಿಡುವವರು ಇನ್ನೂ ಇದ್ದಾರೆ. ಅವರು ಇಪ್ಪತ್ತು ವರ್ಷ ಬಿಟ್ಟು ತೆಗೆದಾಗ ನಿಮ್ಮ ಅಕ್ಷರ ಅಲ್ಲಿರಬೇಕಲ್ಲವೇ? ನೀವೇನಂತೀರಿ?