ಮರಕ್ಕೆ ಗೊಬ್ಬರ ಹಾಕುತ್ತೇವೆ, ಮರ ಏರುವವರ ಬಟ್ಟಲು?

ನಮ್ಮ ಅಡಿಕೆ ತೋಟಕ್ಕೆ ಹದಿನಾರು ವರ್ಷದಿಂದ ಮದ್ದು ಬಿಡಲು ಬರುತ್ತಿದ್ದವರೊಬ್ಬರಿಗೆ ಕಳೆದ ಬೇಸಿಗೆಯಲ್ಲಿ ಕ್ಷಯ ಎಂದು ಗೊತ್ತಾಯಿತು. ಸರಕಾರದ ಮಾತ್ರೆ ತಪ್ಪದೆ ನುಂಗುತ್ತಿದ್ದರು. ತೂಕ ಮಾತ್ರ 39 ಕಿಲೋ. ಎರಡು ಹೊತ್ತೂ ಗಂಜಿ, ಉಪ್ಪಿನಕಾಯಿ. ‘ಅಡ್ವಾನ್ಸ್ ಕೊಟ್ಟಿದ್ದೇನಲ್ಲ’ ಎಂದು ನಾನು ಸುಮ್ಮನಿದ್ದೆ.

ಆಟಿಯಲ್ಲಿ ಊರಿಡೀ ಶೀತಜ್ವರ. ನಾವೆಲ್ಲ ನಾಲ್ಕು ದಿನ ಮಲಗಿ ಎದ್ದೆವು. ಅವರಿಗೆ ಐದನೇ ದಿನ ಉಸಿರೆಳೆಯಲಿಕ್ಕೇ ಆಗಲಿಲ್ಲ. ಹನ್ನೊಂದು ದಿನ ಆಸ್ಪತ್ರೆ. ಕ್ಷಯ ತಿಂದ ಶ್ವಾಸಕೋಶ, ಉಣ್ಣದೆ ಸೋತ ಮೈ. ಅದರ ಮೇಲೆ ವೈರಸ್ ಬಂದರೆ ತಡೆಯುವ ಬಲ ಎಲ್ಲಿಂದ ಬರಬೇಕು? ಜೀವ ಉಳಿಯಿತು. ಇನ್ನು ಮರ ಏರಲಾರರು.

ಬೋರ್ಡೋ ಎಷ್ಟೇ ಚೆನ್ನಾಗಿ ಬಿಡಿ, ಬುಡಕ್ಕೆ ಗೊಬ್ಬರವೇ ಇಲ್ಲದ ಮರ ಚೇತರಿಸೀತೇ? ಮನುಷ್ಯನಿಗೂ ಅಷ್ಟೆ.

ಇದು ನನ್ನ ಊಹೆಯಲ್ಲ. ನಮ್ಮ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ 2,800 ಕ್ಷಯರೋಗಿಗಳಿಗೆ ಅಕ್ಕಿ, ಬೇಳೆ, ಹಾಲಿನಪುಡಿ, ಎಣ್ಣೆ ಕೊಟ್ಟು ನೋಡಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮೊದಲ ಎರಡು ತಿಂಗಳಲ್ಲಿ ಶೇ. 5 ತೂಕ ಏರಿಸಿಕೊಂಡವರಲ್ಲಿ ಸಾವಿನ ಅಪಾಯ ಶೇ. 61 ಕಡಿಮೆ. ಮನೆಯವರಿಗೂ ಆಹಾರ ಕೊಟ್ಟ ಕಡೆ ಅವರಿಗೆ ಕ್ಷಯ ತಗಲುವುದು ಶೇ. 39 ಇಳಿಯಿತು.

‘ಸರಕಾರ ಹಣ ಕೊಡುತ್ತದಲ್ಲ?’ ಎನ್ನಬಹುದು. ಹೌದು, 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1,000 ಆಗಿದೆ. ದಿನಕ್ಕೆ 33 ರೂಪಾಯಿ. ಮನೆಯಲ್ಲಿ ಐದು ಬಾಯಿಯಿದ್ದರೆ ರೋಗಿಯ ಬಟ್ಟಲಿಗೆ ಬೀಳುವುದೆಷ್ಟು?

ಹಾಗಾಗಿ ನನ್ನ ಮಾತಿಷ್ಟೆ. ನಮ್ಮಲ್ಲಿ ದುಡಿಯುವವರಿಗೆ ಎರಡು ವಾರ ಮೀರಿ ಕೆಮ್ಮಿದ್ದರೆ ‘ಮಳೆಗಾಲದ ಶೀತ’ ಎಂದು ತಳ್ಳಿಹಾಕಬೇಡಿ. ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಕ್ಷಯ ಇದ್ದವರಿಗೆ ಹಣದ ಜೊತೆ ಮೊಟ್ಟೆ, ಹೆಸರುಕಾಳು, ಹಾಲು ಕೊಡಿ. ಹಿತ್ತಿಲ ನುಗ್ಗೆಸೊಪ್ಪಿಗಂತೂ ದುಡ್ಡು ಬೇಡ. ಮನೆಯಲ್ಲಿ ಶೀತಜ್ವರ ಇದ್ದವರು ಅವರಿಂದ ದೂರ ಇರಲಿ. ಅವರಿಗೇ ಜ್ವರ ಬಂದರೆ ಕ್ಷಯದ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಬೇಡ. ಅದೇ ದಿನ ವೈದ್ಯರಿಗೆ ತೋರಿಸಲಿ. ಉಸಿರು ಕಟ್ಟುವವರೆಗೆ ಕಾಯುವುದು ಬೇಡ.

ನಾನು ಕಾದೆ. ಈಗ ಅವರ ಮನೆಗೆ ವಾರಕ್ಕೊಮ್ಮೆ ಮೊಟ್ಟೆ, ಬೇಳೆ ಹೋಗುತ್ತಿದೆ. ತೂಕ 44ಕ್ಕೆ ಬಂದಿದೆ. ಇದನ್ನೇ ಬೇಸಿಗೆಯಲ್ಲಿ ಮಾಡಿದ್ದರೆ?