ಸಾಹಸಿ ಬಂಧುವಿನ ಮೆಚ್ಚುಗೆ ಮತ್ತು ಅದರ ಲೆಕ್ಕ

ಸಾಹಸಿಗಳಾದ ಹಿರಿಯ ಬಂಧುಗಳನ್ನು ಕಿರಿಯರು ಆದರ್ಶವಾಗಿ ಕಾಣುವುದು ಎಲ್ಲ ಮನೆತನಗಳಲ್ಲೂ ಉಂಟು. ಆದರೆ ಆ ಪೀಠವು ತಂದೆತಾಯಿಗಳಿಗೆ ಸಿಗುವುದಕ್ಕಿಂತ ಹೆಚ್ಚಾಗಿ ಸೋದರಮಾವನಿಗೋ ಚಿಕ್ಕಪ್ಪನಿಗೋ ಅಜ್ಜನ ತಮ್ಮನಿಗೋ ಸಿಗುತ್ತದೆ. ಗದರಿಸುವ, ಶಾಲೆಯ ಫೀಸು ಹೊಂದಿಸುವ, ಕಾಳುಕಡಿಯ ಚಿಂತೆ ಮಾಡುವ ಹೊಣೆ ಹೊತ್ತವರು ದಿನವೂ ಕಣ್ಣೆದುರಿಗೇ ಇರುತ್ತಾರೆ. ವರ್ಷಕ್ಕೊಮ್ಮೆ ಜಾತ್ರೆಗೆ ಬಂದು, ಕಂಡ ಊರುಗಳ ಕಥೆ ಹೇಳಿ ಹೋಗುವವರಿಗೆ ಆ ಭಾರವಿಲ್ಲ. ಆದ್ದರಿಂದ ಈ ಮೆಚ್ಚುಗೆಯನ್ನು ಸಹಜವಾದದ್ದೆಂದು ಒಪ್ಪಿ ಸುಮ್ಮನಾಗುವ ಮುನ್ನ, ಅದು ಏನನ್ನು ಕಂಡು ಹುಟ್ಟುತ್ತದೆ, ಏನನ್ನು ಕಾಣದೆ ಬೆಳೆಯುತ್ತದೆ ಎಂದು ಕೇಳಬೇಕಾಗುತ್ತದೆ.

'ಸಾಹಸ' ಎಂಬ ಪದದ ಚರಿತ್ರೆಯೇ ಇಲ್ಲಿ ಸ್ವಲ್ಪ ನೆರವಾಗುತ್ತದೆ. 'ಸಹಸ್', ಎಂದರೆ ಬಲ, ಎಂಬುದರಿಂದ ಬಂದ ಈ ಪದವು ಧರ್ಮಶಾಸ್ತ್ರಗಳ ಹದಿನೆಂಟು ವ್ಯವಹಾರಪದಗಳಲ್ಲಿ, ಅಂದರೆ ರಾಜನ ನ್ಯಾಯಸಭೆಯ ಮುಂದೆ ಬರುವ ವ್ಯಾಜ್ಯಗಳ ವರ್ಗಗಳಲ್ಲಿ, ಒಂದರ ಹೆಸರಾಗಿತ್ತು. ಬಲಾತ್ಕಾರದಿಂದ ಎಸಗಿದ ಅಪರಾಧ ಎಂಬುದು ಅಲ್ಲಿ ಅದರ ಅರ್ಥ. ಕನ್ನಡದಲ್ಲಿ ಇಂದು ಅದು ಹೊಗಳಿಕೆಯ ಮಾತು. ಒಂದೇ ಕೃತ್ಯವು ಅಪರಾಧವೋ ಹಿರಿಮೆಯೋ ಎಂಬುದನ್ನು ಬಹುಮಟ್ಟಿಗೆ ಹೇಳುವವನ ನಂಟು ತೀರ್ಮಾನಿಸುತ್ತದೆ.

ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘನ ಬದುಕು ಇದಕ್ಕೆ ತಕ್ಕ ನಿದರ್ಶನ. ಹೈದರನ ಅಶ್ವದಳದಲ್ಲಿದ್ದು, ಮುಂದೆ ಟಿಪ್ಪುವಿನ ಸೆರೆಗೆ ಬಿದ್ದು, 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಬಿಡುಗಡೆಯಾದ ಈತ, ಚದುರಿದ ಸೈನಿಕರನ್ನು ಕೂಡಿಸಿಕೊಂಡು, ಉಭಯಲೋಕಾಧೀಶ್ವರನೆಂಬ ಬಿರುದನ್ನೂ ತಾನೇ ಧರಿಸಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಕಂಪನಿಯ ಪಡೆಗಳನ್ನು ಅಲೆಸಿದನು. ಇಂಗ್ಲಿಷರ ಕಾಗದಪತ್ರಗಳಲ್ಲಿ ಅವನು ದರೋಡೆಕೋರ. ಈಚಿನ ಹಲವರ ಬರಹಗಳಲ್ಲಿ ಸ್ವಾತಂತ್ರ್ಯವೀರ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯದೆದುರು ಅವನು ಸತ್ತ ಮೇಲೆ, ಸಾಮಾನು ಸರಂಜಾಮುಗಳ ನಡುವೆ ಸಲಾಬತ್ ಖಾನನೆಂಬ ನಾಲ್ಕು ವರ್ಷದ ಮಗು ಸಿಕ್ಕಿತು. ತಂದೆಯನ್ನು ಕೊಂದ ಸೇನಾಪತಿಯೇ ಆ ಮಗುವನ್ನು ತನ್ನ ಡೇರೆಗೆ ಕರೆದೊಯ್ದನು. ದೇಶ ಬಿಡುವಾಗ ಅವನ ಪೋಷಣೆಗೆ ಹಣವನ್ನೂ ಇಟ್ಟುಹೋದನು. ಹುಡುಗ ಬೆಳೆದು ಮೈಸೂರು ಅರಸರ ಸೇವೆಗೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡನು. ಧೋಂಡಿಯಾ ವೀರನೋ ಲೂಟಿಕೋರನೋ ಎಂದು ಇಂದಿಗೂ ವಾದಿಸುವವರಲ್ಲಿ ಈ ಮಗನನ್ನು ನೆನೆಯುವವರು ವಿರಳ. ಸಾರ್ವಜನಿಕ ವೀರನ ಕಥೆ ಕತ್ತಿ ಹಿಡಿದವನೊಂದಿಗೆ ಮುಗಿಯುತ್ತದೆ, ಬಂಧುವಿನ ಕಥೆ ಮುಗಿಯುವುದೇ ಇಲ್ಲ. ಉಳಿದುಹೋದವರ ಬಾಯಲ್ಲಿ ಅದು ಸಾಲದ, ಕಾಯುವಿಕೆಯ, ಕೆಲವೊಮ್ಮೆ ಹೆರವರ ಹಂಗಿನ ಕಥೆಯಾಗಿ ಮುಂದುವರಿಯುತ್ತದೆ. ಬಂಧುವನ್ನು ಮೆಚ್ಚುವುದು ವೀರಪೂಜೆಗಿಂತ ಹೆಚ್ಚು ಬೆಲೆಯುಳ್ಳದ್ದಾಗಬಹುದಾದರೆ ಅದು ಈ ಖರ್ಚಿನ ಲೆಕ್ಕ ಮನೆಯವರಿಗೆ ಗೊತ್ತಿರುತ್ತದೆ ಎಂಬ ಕಾರಣಕ್ಕೇ.

ಈಚೆಗೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯ ಸೂರಗೊಂಡನಕೊಪ್ಪದಲ್ಲಿ ಬಂಧುವಿನ ಮೆಚ್ಚುಗೆಯ ಇನ್ನೊಂದು ರೂಪ ಕಾಣುತ್ತದೆ. ಸಂತ ಸೇವಾಲಾಲರು 1739ರ ಫೆಬ್ರುವರಿ 15ರಂದು ಜನಿಸಿದರೆಂದು ಲಂಬಾಣಿಗರು ನಂಬುವ ಸ್ಥಳವಿದು. ಜನ ಇದನ್ನು ಭಾಯಾಗಡ್ ಎನ್ನುತ್ತಾರೆ. 'ಭಾಯಾ' ಎಂದರೆ ಅಣ್ಣ. ದೇಶವೆಲ್ಲ ಸುತ್ತಿದ ಸಂತನನ್ನು ಒಂದು ಸಮುದಾಯವು ಗುರು ಎಂದು ಪೂಜಿಸುವುದರ ಜೊತೆಗೆ ಸೇವಾಭಾಯಾ ಎಂದು ಕರೆದು ಮನೆಯ ಹಿರಿಯಣ್ಣನನ್ನಾಗಿ ಮಾಡಿಕೊಂಡಿತು. ಈ ಅಣ್ಣನ ಅಲೆದಾಟದ ಹಿಂದೆ ಲದೇಣಿ ಎಂಬ ಕಸುಬಿತ್ತು. ಹೇರೆತ್ತುಗಳ ಮೇಲೆ ಉಪ್ಪು ಮತ್ತು ದವಸವನ್ನು ಸೀಮೆಯಿಂದ ಸೀಮೆಗೆ ಸಾಗಿಸುವ ಆ ವ್ಯಾಪಾರದಲ್ಲಿ ಹೆಂಗಸರು, ಮಕ್ಕಳು, ಮುದುಕರು ಸೇರಿ ತಾಂಡಾಕ್ಕೆ ತಾಂಡಾವೇ ಹೊರಡುತ್ತಿತ್ತು. ಹಿಂದೆ ಉಳಿದು ಬಾಗಿಲು ಕಾಯುವವರಿರಲಿಲ್ಲವಾದ್ದರಿಂದ ಹೊರಟವನ ಕೀರ್ತಿ ಒಬ್ಬನ ಪಾಲು, ಕಷ್ಟ ಇನ್ನೊಬ್ಬರ ಪಾಲು ಎಂಬ ಹಂಚಿಕೆಗೆ ಅಲ್ಲಿ ಅಷ್ಟಾಗಿ ಆಸ್ಪದವಿರಲಿಲ್ಲ. ರೈಲುಮಾರ್ಗಗಳು ಬಂದು ಆ ಕಸುಬು ಕುಗ್ಗುತ್ತಿದ್ದ ಕಾಲದಲ್ಲೇ, 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಅಲೆಮಾರಿಗಳನ್ನು ಹುಟ್ಟಿನಿಂದಲೇ ಶಂಕಿತರೆಂದು ಎಣಿಸುವ ದಾರಿ ತೆರೆಯಿತು. 'ಸಾಹಸ'ಕ್ಕೆ ಧರ್ಮಶಾಸ್ತ್ರದಲ್ಲಿದ್ದ ಅಪರಾಧವೆಂಬ ಹಳೆಯ ಅರ್ಥ ಸರ್ಕಾರಿ ದಫ್ತರದಲ್ಲಿ ಮರುಹುಟ್ಟು ಪಡೆದಂತಾಯಿತು ಎನ್ನಬಹುದು.

ಹಾಗಿದ್ದರೂ ಮನೆ ಬಿಟ್ಟವರೆಲ್ಲರಿಗೂ ಈ ಗೌರವ ಸಲ್ಲುವುದಿಲ್ಲ. ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುವ ಕನ್ನಡವೇ ಕೆಟ್ಟು ಪಟ್ಟಣ ಸೇರು ಎಂದೂ ಹೇಳುತ್ತದೆ. ಭದ್ರಾ ನಾಲೆಯ ನೀರು ಕಂಡ ಚನ್ನಗಿರಿ ಸೀಮೆಯ ಅಡಿಕೆ ಬೆಳೆಗಾರನ ತಮ್ಮ ಬೈಕೇರಿ ಲಡಾಖಿಗೆ ಹೋಗಿಬಂದರೆ ಅದು ಮೊದಲ ಗಾದೆಗೆ ಸೇರುತ್ತದೆ. ಮಳೆ ಕೈಕೊಟ್ಟ ವರ್ಷ ಜಗಳೂರಿನ ಹಳ್ಳಿಯ ಹೆಂಗಸು ಭಾಷೆ, ಹವೆ ಎರಡೂ ಬೇರೆಯಾದ ಕೊಡಗಿನ ಕಾಫಿ ತೋಟಕ್ಕೆ ಗುಳೆ ಹೋದರೆ, ಎಂದರೆ ಹೊಟ್ಟೆಪಾಡಿಗಾಗಿ ತಾತ್ಕಾಲಿಕವಾಗಿ ಊರು ಬಿಟ್ಟರೆ, ಅದು ಎರಡನೆಯದಕ್ಕೆ. ಅಪಾಯದ ತೂಕದಲ್ಲಿ ಎರಡನೆಯ ಪ್ರಯಾಣ ಹಗುರವೇನಲ್ಲ. ಆಯ್ಕೆ ಇದ್ದದ್ದು ಮಾತ್ರ ಸಾಹಸ, ಇಲ್ಲದ್ದು ಬರಿಯ ಕಷ್ಟ ಎಂಬ ಸಮರ್ಥನೆ ತಕ್ಕಮಟ್ಟಿಗೆ ಸರಿ. ಆದರೆ ಯಾವ ಮೇಸ್ತ್ರಿಯನ್ನು ನಂಬಬೇಕು, ಮುಂಗಡ ಎಷ್ಟು ಪಡೆಯಬೇಕು, ಯಾವ ಮಗುವನ್ನು ಜೊತೆಗೆ ಒಯ್ಯಬೇಕು, ಯಾವುದನ್ನು ಅಜ್ಜಿಯ ಬಳಿ ಬಿಡಬೇಕು ಎಂದು ತೀರ್ಮಾನಿಸುವವಳಿಗೆ ಆಯ್ಕೆಯೇ ಇರಲಿಲ್ಲವೆನ್ನುವುದು ಅವಳ ಬುದ್ಧಿಗೆ ಮಾಡುವ ಅನ್ಯಾಯ. ಅವಳು ತನ್ನ ಪ್ರಯಾಣವನ್ನು ಕಥೆಯಾಗಿ ಹೇಳುವುದಿಲ್ಲ, ಹೇಳಲು ಪುರುಸೊತ್ತೂ ಇಲ್ಲ. ಹಿಂದೆ ಉಳಿದು ಮೊಮ್ಮಕ್ಕಳನ್ನು ಶಾಲೆಗೆ ಕಳಿಸುವ ಅಜ್ಜಿಗಂತೂ ಹೇಳಲು ಪ್ರಯಾಣವೇ ಇಲ್ಲ. ಇಬ್ಬರ ಲೆಕ್ಕವೂ ಆ ಮೊಮ್ಮಕ್ಕಳಿಗೆ ಗೊತ್ತು: ಅಮ್ಮ ಯಾವ ತಿಂಗಳು ಹೊರಟಳು, ಹಣ ಯಾವಾಗ ಬಂತು, ಅಜ್ಜಿ ಯಾರ ಅಂಗಡಿಯಲ್ಲಿ ಉದ್ರಿ ಬರೆಸಿದಳು ಎಂಬುದನ್ನೆಲ್ಲ ಅವರು ಬಾಯಿಪಾಠವಾಗಿ ಹೇಳಬಲ್ಲರು.