ಬಿಲ್ಲಿಗೆ ನಂಬರ್ ಯಾಕ ಬೇಕ್ರಿ?

ಅಕ್ಕಾರ, ವೈನಿಗೋಳ, ಅಂಗಡಿಯಾಗ ‘ಮೊಬೈಲ್ ನಂಬರ್ ಹೇಳ್ರಿ ಮೇಡಂ’ ಅಂದಕೂಡ್ಲೇ ಹತ್ತೂ ಅಂಕಿ ಗಡಗಡ ಹೇಳಿಬಿಡ್ತೀವಿ. ಆಮ್ಯಾಲೆ ನೋಡ್ರಿ, ಸೀರಿ ಸೇಲ್, ಬಂಗಾರದ ಆಫರ್, ಸಾಲ ಬೇಕೇನು ಅಂತ ಮೆಸೇಜಿನ ಸಂತಿ! ಆ ಸಂತ್ಯಾಗ ಬ್ಯಾಂಕಿಂದ ‘ನಿಮ್ಮ ರೊಕ್ಕ ಹೋತು’ ಅಂತ ಬಂದಿದ್ದು ಕಾಣೂದ ಇಲ್ಲ.

ಕಳಿಸಿದವರ ಹೆಸರಿನ ಕಡೀಕ ಇಂಗ್ಲಿಷ್ ‘ಪಿ’ ಇದ್ರ ಅದು ಜಾಹೀರಾತು. ಬ್ಯಾಡಾದ್ರ 1909ಕ್ಕ ‘ಸ್ಟಾರ್ಟ್ 0’ ಅಂತ ಇಂಗ್ಲಿಷಿನಾಗ ಮೆಸೇಜ್ ಮಾಡ್ರಿ. ಆದ್ರ ನಾ ಕೇಳೂದು ಇಷ್ಟ: ಕದಾ ಬಡಿಯೋರು ಅವರು, ಚಿಲಕಾ ಹಾಕೋ ಕೆಲಸ ನಮಗ್ಯಾಕ? ಬೇಕು ಅಂದೋರಿಗಷ್ಟ ಕಳಸ್ಲಿ.

ನಂಬರಿಗೆ ಒತ್ತಾಯ ಮಾಡಬ್ಯಾಡ್ರಿ ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಾಗನ ಅಂಗಡಿಯವರಿಗೆ ಹೇಳೇದ. ರೊಕ್ಕ ಕೊಡೋರು ನಾವು. ‘ನಂಬರ್ ಕೊಡಂಗಿಲ್ಲ, ಬಿಲ್ ಕೊಡ್ರಿ’ ಅನ್ನಲಿಕ್ಕೆ ಸಂಕೋಚ ಯಾಕ?